ಹನ್ನೊಂದು ಕೈ, ಹನ್ನೊಂದು ಮೊಳ

ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಓನರ್ ನಾನು ತಂದ ಕಟ್ಟಿನ ಮೇಲಿನ ಎರಡು ಟವಲು ಮುಟ್ಟಿ ನೋಡಿ, "ನೇಯ್ಗೆ ಚೆನ್ನಾಗಿದೆಮ್ಮ" ಎಂದು ಕಟ್ಟನ್ನು ಒಳಗಿಡಲು ಎತ್ತಿಕೊಂಡರು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಣ್ಣ, ಎಲ್ಲಾ ಬಿಚ್ಚಿ ನೋಡ್ಬಿಡಿ" ಅಂದೆ.

ಅದು ನಮ್ಮ ಸಂಘದ ಮೊದಲ ಆರ್ಡರ್. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನ ಹನ್ನೊಂದು ಹೆಂಗಸರು ಇಷ್ಟು ವರ್ಷ ಒಬ್ಬ ಸಾಹುಕಾರರಿಗೆ ಕೂಲಿಗೆ ನೇಯುತ್ತಿದ್ದರು. ನೂಲು ಅವರದು, ಅಳತೆ ಕೋಲೂ ಅವರದು. ನಾವು ಸ್ವಂತ ಸಂಘ ಮಾಡಿದ ದಿನ ಸಾಹುಕಾರರು ಕೋಲು ವಾಪಸ್ ತಗೊಂಡು ಹೋದರು.

ಈ ಆರ್ಡರ್ ಕೈತಪ್ಪಿದರೆ ಮತ್ತೆ ಅವರ ಬಾಗಿಲಿಗೇ ಹೋಗಬೇಕು. ಇಂಥ ಕೆಲಸಕ್ಕೆ, ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಸ್ಕೂಟಿಯಲ್ಲಿ ಊರು ಸುತ್ತುತ್ತಿದ್ದ ನನ್ನನ್ನು ಕಳಿಸಿದ್ದರು...

ಕೋಲಿಲ್ಲವಲ್ಲ, ಹೂ ಅಳೆಯುವ ಹಾಗೆ ಮೊಳ ಹಾಕಿ ನೇಯ್ದಿದ್ದರು. ಟವಲಿಗೆ ಮೂರು ಮೊಳ, ಅವರವರ ಕೈಯಲ್ಲಿ. ಅದು ಗೊತ್ತಿದ್ದೇ ನಾನು ಬಿಚ್ಚಿಸಿದ್ದು.

ಅಧ್ಯಕ್ಷೆ ಮುನಿಯಕ್ಕ ತೆಂಗಿನ ಮರದಷ್ಟು ಉದ್ದ. ವೆಂಕಟಮ್ಮ ಮಗ್ಗದ ಹಿಂದೆ ಕೂತರೆ ಕಾಣುವುದೇ ಇಲ್ಲ.

ಓನರ್ ಇಬ್ಬರ ಟವಲನ್ನೂ ಪಕ್ಕಪಕ್ಕ ಹರಡಿದರು. "ಏನಮ್ಮಾ ಇದು, ಅಪ್ಪನಿಗೊಂದು ಮಗನಿಗೊಂದಾ?"

ಎಲ್ಲವೂ ವಾಪಸ್. ಒಂದೇ ಅಳತೆಯಲ್ಲಿ ನೇಯ್ದು ತರಬೇಕಂತೆ. ಇನ್ನೊಂದೇ ಚಾನ್ಸ್.

ಊರಿಗೆ ಬಂದು ಹೇಳಿದ್ದೇ ತಡ, ಮುನಿಯಕ್ಕ ಶುರು ಮಾಡಿದರು. "ನೀಟಾಗಿ ಮಡ್ಚಿ ಕಳ್ಸಿದ್ನಲ್ಲೇ. ಬಾಯಿಗೆ ಬೀಗ ಆಕ್ಕೊಂಡು ಓಗಕ್ಕೆ ಏನಾಗಿತ್ತು ನಿಂಗೆ?"

ಟೇಪ್ ತರುತ್ತೇನೆ ಅಂದೆ. "ಆ ಇರುವೆ ಸಾಲಿನಂಥ ಅಂಕಿ ಯಾರೇ ಓದ್ತಾರೆ? ನಮ್ಗೆ ಕೋಲೇ ಸರಿ."

ಸರಿ, ಕೋಲು ಯಾರ ಕೈ ಅಳತೆಗೆ? ಓಟು ಹಾಕಿಸಿದೆ. ಹನ್ನೊಂದು ಕೈಗೆ ಹನ್ನೊಂದು ಓಟು... ಒಬ್ಬೊಬ್ಬರೂ ತಮ್ಮ ಕೈಗೇ.

ಅರ್ಧ ಗಂಟೆ ಗಲಾಟೆ. ಎಲ್ಲರೂ ಮೊಣಕೈಗೆ ಮೊಣಕೈ ಜೋಡಿಸಿ, ಕುಸ್ತಿಗೆ ನಿಂತ ಹಾಗೆ ನಿಂತಿದ್ದಾರೆ.

ಆಗ ವೆಂಕಟಮ್ಮ ಮೂಲೆಯಿಂದ, "ಮುನಿಯಕ್ಕನ ಕೈನೇ ಇಟ್ಕಳ್ರೇ" ಅಂದರು.

ಮುನಿಯಕ್ಕನಿಗೇ ಆಶ್ಚರ್ಯ. "ಲೇ, ಎಲ್ಲಾರ್ಗಿಂತ ನಿಂಗೇ ಜಾಸ್ತಿ ಕೆಲ್ಸ ಬೀಳ್ತದೆ ಕಣೇ."

"ನೇಯ್ತೀನಿ ಬಿಡಕ್ಕಾ. ಸಾವ್ಕಾರ್ನ ಬಿಟ್ಟು ಬಂದಿದ್ದು ಜನಕ್ಕೆ ಕಮ್ಮಿ ಕೊಡಾಕಾ?"

ಮುನಿಯಕ್ಕ ಕೈ ಚಾಚಿದರು, ನಾನು ಬಿದಿರು ಕತ್ತರಿಸಿದೆ. ಮನೆಗೊಂದು ಕೋಲು.

ಎರಡನೇ ಸಲ ಓನರ್ ತಾವಾಗಿಯೇ ಎಲ್ಲವನ್ನೂ ಬಿಚ್ಚಿ ನೋಡಿದರು. ಎಲ್ಲಾ ಸಮ. ಕಟ್ಟು ಒಳಗೆ ಹೋಯಿತು, ಮುಂದಿನ ಆರ್ಡರ್ ಹೊರಗೆ ಬಂತು.

ಆದರೂ ಸಂಘದವರಿಗೆ ನನ್ನ ಮೇಲೆ ನಂಬಿಕೆ ಬಂದಿಲ್ಲ. ಅಂಗಡಿಗೆ ಹೊರಟಾಗೆಲ್ಲ ಬಾಯಿ ತುಂಬ ಎಲೆ ಅಡಿಕೆ ತುರುಕಿ ಕಳಿಸುತ್ತಾರೆ.

ನಿಜ ಹೇಳಿ, ನೀವಾಗಿದ್ದರೆ ಆ ಕಟ್ಟು ಬಿಚ್ಚಿಸುತ್ತಿದ್ದಿರಾ?