ಪ್ಲಾಟ್‌ಫಾರ್ಮು ಮುಗಿಯುವಷ್ಟರಲ್ಲಿ

ಬೆಳಿಗ್ಗೆ ತರಗತಿಯಲ್ಲಿ ಸೀಮೆಸುಣ್ಣ ಮುರಿಯಿತು. ಬೆರಳಿಗೆ ಹತ್ತಿದ ಬಿಳಿ ಪುಡಿ ನೋಡುತ್ತಲೇ ನಾನು ಅಮ್ಮಸಂದ್ರದ ರೈಲು ಸ್ಟೇಷನ್ನಿಗೆ ಹೋಗಿಬಿಟ್ಟೆ. ಅಲ್ಲಿನ ಬೆಂಚಿನ ಮೇಲೂ ಹೀಗೇ ಸಿಮೆಂಟ್ ಕಾರ್ಖಾನೆಯ ಬೂದು ಧೂಳು ಕೂತಿರುತ್ತಿತ್ತು.

ಬೋರ್ಡಿನ ಮೇಲಿದ್ದದ್ದು ಹಳೆಯ ಲೆಕ್ಕವೇ. ನಿಂತಿದ್ದ ರೈಲು ಸಮ ವೇಗೋತ್ಕರ್ಷದಿಂದ ಹೊರಟರೆ ಇಷ್ಟು ಹೊತ್ತಿನಲ್ಲಿ ಎಷ್ಟು ದೂರ? ವೇಗ ಸೊನ್ನೆಯಿಂದ ಒಂದೇ ಸಮ ಏರುವುದರಿಂದ ಕೊನೆಯ ವೇಗದ ಅರ್ಧವನ್ನಷ್ಟೇ ಕಾಲದಿಂದ ಗುಣಿಸಬೇಕು. ನಿಮಗೂ ಯಾರೋ ಕಲಿಸಿರುತ್ತಾರೆ, ನೀವೂ ಮರೆತಿರುತ್ತೀರಿ. ನನಗೆ ಮರೆಯಲಾಗಿಲ್ಲ.

ಎಷ್ಟೋ ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿಗೆ ಒಂದು ವರ್ಷದ ಮಟ್ಟಿಗೆ ಗಣಿತ ಕಲಿಸಲು ಬಂದಿದ್ದ ಗಿರಿಜಾ ತಮ್ಮೂರು ಕಡೂರಿಗೆ ಹೊರಟಿದ್ದರು. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಬೇಕಿತ್ತು. ಎದುರಿಗೆ ನಿಂತು ಕೇಳುವ ಎದೆ ನನಗೆಲ್ಲಿತ್ತು? ಲೆಕ್ಕ ಹಾಕಿದೆ. ರೈಲು ಹೊರಟ ಮೇಲೆ ಕಿಟಕಿಯ ಪಕ್ಕ ನಡೆಯುತ್ತಾ ಕೇಳುವುದು. ಅವರು ‘ಇಲ್ಲ’ ಎನ್ನುವಷ್ಟರಲ್ಲಿ ಪ್ಲಾಟ್‌ಫಾರ್ಮು ಮುಗಿದಿರಬೇಕು. ಒಪ್ಪಿಗೆಯಿದ್ದರೆ ಕಾಗದ ಬರೆದಾರು. ಭೌತಶಾಸ್ತ್ರ ಓದಿದ ಪುಕ್ಕಲನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುವುದಿಲ್ಲ.

ಲೆಕ್ಕಕ್ಕೆ ಸೇರದೆ ಉಳಿದದ್ದು ನಮ್ಮವ್ವ ಕೊಟ್ಟ ತೆಂಗಿನಕಾಯಿಯ ಚೀಲ. “ಆಯಮ್ಮನ್ನ ಬರಿಗೈಲಿ ಕಳಿಸ್ಬುಟ್ಟೀಯ ಕಣ್ಲಾ” ಎಂದಿದ್ದಳು. ನಮ್ಮ ಕಡೆ ಜಗಳವಾಡಿ ಹೊರಟವರಿಗೂ ಎರಡು ಕಾಯಿ ಕೊಟ್ಟೇ ಕಳಿಸುತ್ತಾರೆ.

ರೈಲು ಎದುರಿನ ಗಾಡಿಯ ಕ್ರಾಸಿಂಗಿಗೆಂದು ಬಹಳ ಹೊತ್ತು ನಿಂತಿತ್ತು. ಮಂಪರು ಬಿಸಿಲು. ದೂರದ ತೋಟಗಳು ನಿದ್ದೆಯಲ್ಲಿ ತೂಗುತ್ತಿರುವಂತಿದ್ದವು. ಗಿರಿಜಾ ಕಿಟಕಿಗೆ ಕೆನ್ನೆಯಾನಿಸಿ ಕೂತಿದ್ದರು. ಮಳೆ, ಪರೀಕ್ಷೆ, ಪಕ್ಕದ ಸಂಪಿಗೆ ಊರಿನ ದೇವಸ್ಥಾನ, ಎಲ್ಲ ಮಾತಾಡಿದೆವು. ಸೀಟಿ ಬಿತ್ತು, ರೈಲು ಅಲುಗಿತು. ನಾನು ಬಾಯಿ ತೆರೆದೆ. ಆಗಲೇ ಚೀಲದ ನೆನಪಾಯಿತು. ಎತ್ತಿದರೆ ಅದು ಕಿಟಕಿಯ ಸರಳುಗಳ ನಡುವೆ ತೂರಲಿಲ್ಲ. ಒಂದೊಂದೇ ಕಾಯಿಯನ್ನು ತಿರುಗಿಸಿ ತಿರುಗಿಸಿ ಒಳಕ್ಕೆ ತಳ್ಳುತ್ತಾ ಓಡಿದೆ.

“ಸಾಕು ಬಿಡ್ರೀ, ಬಿದ್ದೀರ” ಎಂದು ಅವರು ನಗುತ್ತಿದ್ದರು. ನಾನೂ ನಕ್ಕೆ. ಕಾಯಿ ಮುಗಿದಾಗ ಪ್ಲಾಟ್‌ಫಾರ್ಮೂ ಮುಗಿದಿತ್ತು.

ವರ್ಷ ಕಳೆಯುವುದರೊಳಗೆ ಅವರ ಮದುವೆಯಾಯಿತೆಂದು ಕೇಳಿದೆ.

ಇವತ್ತು ಯಾಕೋ ಮಕ್ಕಳಿಗೆ ಇದನ್ನೆಲ್ಲ ‘ಯಾರೋ ಒಬ್ಬ’ನ ಕತೆಯೆಂದು ಹೇಳಿದೆ. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗದೆ ಎದ್ದು ನಿಂತಳು.

“ಸಾರ್, ರೈಲು ಅಷ್ಟೊತ್ತು ನಿಂತೇ ಇತ್ತಲ್ವಾ?”

“ನಿಂತಿತ್ತು ಕಣಮ್ಮ” ಅಂದೆ. ಮುಂದಿನ ಲೆಕ್ಕ ಬರೆಯಲು ಬೋರ್ಡಿನ ಕಡೆ ತಿರುಗಿದವನು ಅದೇ ಹಳೆಯ ಲೆಕ್ಕವನ್ನು ಮತ್ತೊಮ್ಮೆ ಬರೆದೆ.