ನಾದಿನಿ ತಂಗದ ಗುಡ್ಡ

ಹೋದ ವಾರ ನಮ್ಮ ಘಾಟ್ಕೋಪರ್ ಸೊಸೈಟಿಯ ಗೇಟಿನ ಬಳಿ ಯಾರದೋ ಮದುವೆಗೆ ಚಪ್ಪರ ಹಾಕಿ, ಸಿಮೆಂಟಿನ ನೆಲದ ಮೇಲೊಂದು ಚೌಕ ಸೆಗಣಿ ಸಾರಿಸಿದ್ದರು. ಹಾಲು ತರಲು ಇಳಿದವಳು ಆ ಹಸಿ ವಾಸನೆಗೆ ನಿಂತುಬಿಟ್ಟೆ. ನಾದಿನಿ ನೆನಪಾದಳು ಎಂದು ಬರೆಯುವುದು ಸುಲಭ. ನಿಜಕ್ಕೂ ಮೊದಲು ಬಂದದ್ದು ಹೊಟ್ಟೆಯ ಹಳೆಯ ಉರಿ. ಅವಳ ಮುಖ ಆಮೇಲೆ ಬಂತು, ಅದೂ ಅರ್ಧ...

ನಾನು ವಿಜಯಪುರದ ಬಯಲಿನವಳು. ಮದುವೆಯಾಗಿ ಬಂದಾಗ ನನ್ನ ಗಂಡನಿಗೂ ಅವನ ತಂಗಿಗೂ ಒಂದು ಹುಚ್ಚಿತ್ತು. ಶನಿವಾರ ಬಂದರೆ ಕಸಾರಾ ಲೋಕಲ್ ಹತ್ತಿ, ಸಹ್ಯಾದ್ರಿಯ ಯಾವುದಾದರೂ ಕಡಿದಾದ ಗುಡ್ಡ ಏರಿ, ಅಲ್ಲೇ ಟೆಂಟ್ ಹಾಕಿ ಮಲಗಿ ಬರುವುದು. ನನ್ನನ್ನೂ ಕರೆದೊಯ್ಯುತ್ತಿದ್ದರು. ಕಲ್ಲು ಹತ್ತುವಾಗ ಗಂಡ ಕೈ ಕೊಡುತ್ತಿದ್ದದ್ದು ನನಗೆ, ಮಾತಾಡುತ್ತಿದ್ದದ್ದು ಅವಳ ಜೊತೆ.

ಮಲಗುವ ಜಾಗ ಹುಡುಕುವುದು ಅವಳ ಕೆಲಸ. ಮೇಲಿನ ಕಾಡಿನಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಕೋಟೆಯೊಳಗೂ ಇಲ್ಲ. ದಾರಿಯ ಮಧ್ಯೆ ಸಿಗುವ ವಾಡಿಗಳಲ್ಲಿ, ಅಂದರೆ ನಾಲ್ಕಾರು ಮನೆಗಳ ಪುಟ್ಟ ಹಳ್ಳಿಗಳಲ್ಲಿ, ಯಾರದಾದರೂ ಅಂಗಳದಲ್ಲಿ, ಊರಿನ ಉಸ್ತುವಾರಿಯ ಪೊಲೀಸ್ ಪಾಟೀಲನಿಗೆ ಹೇಳಿ ಉಳಿಯಬಹುದು. ಕೆಳಗಿನ ಅರಣ್ಯ ಇಲಾಖೆಯ ನಾಕಾದಲ್ಲಿ ಹೆಸರು ಬರೆಸಿದರೆ ಯಾರೂ ಎಬ್ಬಿಸಲು ಬರುವುದಿಲ್ಲ. ಒಮ್ಮೆ ನಾನು ತೋಡಿನ ಪಕ್ಕದ ಸಪಾಟು ಜಾಗ ತೋರಿಸಿ ಇಲ್ಲೇ ಹಾಕೋಣ ಎಂದಾಗ ಅವಳು ನಕ್ಕಳು.

"ವೈನಿ, ಇದು ನಿಮ್ಮ ತವರಮನಿ ಹೊಲ ಅಲ್ರಿ. ಯಾರದರ ಜಾಗ ಇರ್ತದ, ಕೇಳಬೇಕ್ರಿ."

ಗಂಡನೂ ನಕ್ಕ. ಅವನು ನಕ್ಕದ್ದು ನೆನಪಿದೆ, ಅಥವಾ ನಾನು ಅಲ್ಲಿ ಒಂದು ನಗುವನ್ನು ಸೇರಿಸಿಕೊಂಡಿದ್ದೇನೆ. ಇಷ್ಟು ವರ್ಷ ಉರಿಯಲು ಸೌದೆ ಬೇಕಲ್ಲ.

ಆಗ ನನಗೆ ಬೇಕಾಗಿದ್ದದ್ದು ಒಂದೇ. ಗುಡ್ಡದ ಮೇಲೆ ಒಂದು ರಾತ್ರಿ, ನಾವಿಬ್ಬರೇ, ಅವಳು ಎಂದೂ ತಂಗಿರದ ಜಾಗದಲ್ಲಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ನನ್ನ ಹರಕು ಮರಾಠಿಯಲ್ಲಿ ಯಾರು ಯಾರಿಗೋ ಫೋನ್ ಮಾಡಿದೆ. ಕೊನೆಗೆ ಇವರಿಬ್ಬರ ಬಾಯಲ್ಲಿ ಎಂದೂ ಕೇಳಿರದ ಒಂದು ವಾಡಿ ಸಿಕ್ಕಿತು. ಬಂಡೆಯ ಏಣಿಯಂಥ ದಾರಿ, ನಡುವೆ ನಾಲ್ಕಾರು ಮನೆಗಳ ಒಂದು ಮಟ್ಟಸ ಜಾಗ. ಅಲ್ಲಿಯ ಪಾಟೀಲ, ಬನ್ನಿ, ನಮ್ಮ ಅಂಗಳದಲ್ಲೇ ಹಾಕಿಕೊಳ್ಳಿ ಎಂದ. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಾವಿಬ್ಬರೇ ಹೋಗುತ್ತೇವೆಂದು ನಾದಿನಿಗೆ ಹೇಳಿದೆ. ಎಲ್ಲಿಗೆ ಎಂದು ಹೇಳಲಿಲ್ಲ. ಅವಳು "ಹೋಗಿ ಬರ್ರಿ ವೈನಿ" ಎಂದಳು. ಇಲ್ಲ, "ನಾನೂ ಬರ್ಲೇನ್ರಿ?" ಎಂದಳು... ಎರಡೂ ಅವಳ ದನಿಯಲ್ಲೇ ಕೇಳಿಸುತ್ತವೆ. ಟೆಂಟನ್ನು ಮಾತ್ರ ತಾನೇ ಮಡಚಿ ಕೊಟ್ಟಳು. ಅದರ ಒಂದು ಮೂಲೆ ಹರಿದಿತ್ತು, ತನ್ನ ಹಳೆಯ ಹಸಿರು ಓಢಣಿಯ ತುಂಡಿನಿಂದ ತೇಪೆ ಹಾಕಿದ್ದಳು.

ನಾವು ವಾಡಿ ಮುಟ್ಟಿದಾಗ ಪಾಟೀಲ ಎಲ್ಲಿಗೋ ಹೋಗಿದ್ದ. ಅವನ ಹೆಂಡತಿ, ವಯಸ್ಸಾದ ಮಾವಶಿ, ಅಂಗಳ ತೋರಿಸಿ ನೀರು ತರಲು ಒಳಗೆ ಹೋದಳು. ಅಂಗಳವನ್ನು ಅಂದು ಬೆಳಿಗ್ಗೆಯೇ ಸಾರಿಸಿದ್ದರು. ಗಂಡ ಉತ್ಸಾಹದಿಂದ ಟೆಂಟ್ ಬಿಡಿಸಿ, ಕಲ್ಲೆತ್ತಿ, ಕಬ್ಬಿಣದ ಗೂಟವನ್ನು ನೆಲಕ್ಕೆ ಹೊಡೆದ. ಸಾರಣೆ ಹಪ್ಪಳದ ಹಾಗೆ ಎದ್ದುಬಂತು. ಎರಡನೆಯ ಗೂಟಕ್ಕೆ ಕೈ ಎತ್ತಿದಾಗ ಮಾವಶಿ ಬಂದು ಅವನ ಕೈಯಿಂದ ಗೂಟ ತೆಗೆದುಕೊಂಡಳು. ಅವನಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಅಂಗಳಗಳಲ್ಲಿ ಮಲಗಿದವನು ಒಂದು ಸಲವೂ ಟೆಂಟ್ ಕಟ್ಟಿರಲಿಲ್ಲ, ಹೊತ್ತಿದ್ದ ಅಷ್ಟೆ. ಕಟ್ಟುತ್ತಿದ್ದವಳು ತಂಗಿ.

ಆಮೇಲೆ ಮಾವಶಿಯ ಕಣ್ಣು ಆ ಹಸಿರು ತೇಪೆಯ ಮೇಲೆ ಬಿತ್ತು. ಈ ಟೆಂಟ್ ಇಲ್ಲಿಗೆ ಬಂದಿತ್ತಲ್ಲ, ಎಂದಳು. ಒಬ್ಬಳೇ ಬರುತ್ತಿದ್ದ ಹುಡುಗಿಯದು. ಅವಳು ಗೂಟ ಹೊಡೆಯುತ್ತಿರಲಿಲ್ಲ, ಹಗ್ಗಗಳನ್ನು ಕಲ್ಲಿಗೆ ಕಟ್ಟುತ್ತಿದ್ದಳು. ಮಾವಶಿ ತುಳಸಿಯ ಬುಡದಿಂದ ಒಂದೊಂದಾಗಿ ಗುಂಡುಕಲ್ಲು ತಂದು ನಮ್ಮ ಮುಂದಿಟ್ಟಳು. ನಡುವೆ ಹಗ್ಗದ ಗುರುತು ಬಿದ್ದಿತ್ತು, ಅಥವಾ ನನಗೆ ಹಾಗೆ ಕಂಡಿತು. ಆ ಹುಡುಗಿ ಮತ್ತೆ ಯಾವಾಗ ಬರುತ್ತಾಳೆ ಎಂದು ಕೇಳಿದಳು.

ನನ್ನ ಒಳಗೆ ಏನಾಯಿತು ಎಂದು ಬರೆಯಬೇಕಿಲ್ಲ. ಗಂಡನ ಮುಖ ನೋಡಿದೆ. ಅದು ನನ್ನದಕ್ಕಿಂತ ಕಪ್ಪಿಟ್ಟಿತ್ತು. ಅವಳು ಒಬ್ಬಳೇ ಗುಡ್ಡ ಹತ್ತುತ್ತಾಳೆಂಬುದು ಅವನಿಗೂ ಗೊತ್ತಿರಲಿಲ್ಲ. ಭಾಕ್ರಿ ಮುರಿಯುವಾಗ, ಕೈ ತೊಳೆಯುವಾಗ, ಟೆಂಟಿನೊಳಗೆ ನನ್ನ ಪಕ್ಕ ಕಾಲು ಚಾಚಿದಾಗ, ಅವನ ಬಾಯಲ್ಲಿ ಒಂದೇ ಮಾತು.

"ನನಗ ಹೇಳಲೇ ಇಲ್ಲಲ್ಲ ಆಕಿ."

ನಾವಿಬ್ಬರೇ ಇರಬೇಕಾಗಿದ್ದ ಆ ಟೆಂಟಿನಲ್ಲಿ ಇಬ್ಬರೂ ಒಬ್ಬಳ ಮೇಲೆಯೇ ಹೊಟ್ಟೆಕಿಚ್ಚು ಪಡುತ್ತ ಮಲಗಿದೆವು.

ಮನೆಗೆ ಬಂದ ಮೇಲೆ ನಾನೇ ಕೇಳಿದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ವಾಡಿಯ ಹೆಸರು ಕೇಳಿ ಕೈ ನಿಂತಿತು. ಆ ಅಂಗಳ ಯಾರಿಗೂ ತೋರಿಸಿಲ್ಲ, ಅಣ್ಣನಿಗೂ ಇಲ್ಲ ಎಂದಳು. ಆಮೇಲೆ ಒದ್ದೆ ಟವೆಲ್ ಝಾಡಿಸುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಅದೊಂದ ನನಗಂತ ಇಟ್ಕೊಂಡಿದ್ದೆರಿ ವೈನಿ. ಇರ್ಲಿ ಬಿಡ್ರಿ. ಈಗ ನಿಮ್ಮದೂ ಆತು."

ಒಳ್ಳೆಯ ಹೆಂಗಸಾಗಿದ್ದರೆ ನನಗಾಗ ಅಯ್ಯೋ ಅನ್ನಿಸಬೇಕಿತ್ತು. ನೆನಪನ್ನು ತಿದ್ದಿ ಹಾಗೆ ಬರೆಯಲೂ ಬಹುದು. ಆದರೆ ಅನ್ನಿಸಿದ್ದು ಬೇರೆ. ಬಿಟ್ಟುಕೊಡಲಿಕ್ಕೂ ಅವಳ ಬಳಿ ಒಂದು ಗುಡ್ಡವಿತ್ತು, ನನ್ನ ಬಳಿ ಏನಿತ್ತು?

ಆಮೇಲೆ ಅವಳು ಆ ವಾಡಿಗೆ ಹೋದಳೋ ಇಲ್ಲವೋ ತಿಳಿಯದು. ಕಾಯಿಲೆ ಬಂತು. ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಕೊನೆಯ ತಿಂಗಳುಗಳಲ್ಲಿ ಅವಳ ತಲೆ ಬಾಚುತ್ತಿದ್ದವಳು ನಾನೇ. ಗುಡ್ಡಗಳ ಮಾತು ನಾವಿಬ್ಬರೂ ಎತ್ತಲಿಲ್ಲ. ಎತ್ತಿದ್ದರೆ...

ಈ ಚಳಿಗಾಲದಲ್ಲಿ ನಾನು ಮತ್ತೊಂದು ಜಾಗ ಹುಡುಕಿದೆ. ಗುಡ್ಡದ ಇನ್ನೊಂದು ಮಗ್ಗುಲು. ಅಲ್ಲಿಯ ಪಂಚಾಯತಿ ಈಚೆಗೆ ಶಾಲೆಯ ಮೈದಾನದಲ್ಲಿ ಟೆಂಟ್ ಹಾಕಲು ಬಿಡುತ್ತದೆ. ಇಬ್ಬರೇ ಹೋದೆವು. ಅವಳನ್ನು ಕಂಡವರು ಅಲ್ಲಿ ಯಾರೂ ಇರಲಿಲ್ಲ, ಯಾರೂ ಕೇಳಲಿಲ್ಲ. ಬೆಳಿಗ್ಗೆ ಕಣಿವೆಯ ಮಂಜು ಅಂಚಿನವರೆಗೆ ಏರಿ ನಿಂತಿತ್ತು. ಛಲೋ ಜಾಗ ಹುಡುಕಿದಿ ಎಂದು ಗಂಡ ನನಗೇ ಹೇಳಿದ. ಕೊನೆಗೂ ಸಿಕ್ಕಿತು.

ಕಸಾರಾದಿಂದ ಹಿಂತಿರುಗುವಾಗ ಲೋಕಲ್‌ನಲ್ಲಿ ಗಂಡ ನಿದ್ದೆ ಹೋದ. ಮನೆಗೆ ಹೋಗಿ ಹೇಗೆ ಶುರುಮಾಡಬೇಕು, ಮಂಜನ್ನು ಎಷ್ಟು ಹೆಚ್ಚಿಸಿ ಹೇಳಬೇಕು ಎಂದು ನಾನು ಮಾತು ಜೋಡಿಸುತ್ತ ಕೂತಿದ್ದೆ. ಕಲ್ಯಾಣ್ ದಾಟಿದ ಮೇಲೆ ಹೊಳೆಯಿತು, ಅದನ್ನು ಕೇಳಿ ಉರಿಯಬೇಕಾದವಳು ಮನೆಯಲ್ಲಿಲ್ಲ.