ಕೆಂಪು ಸಾಲದ ಕುಂಕುಮ

"ಅಕ್ಕಾರ, ಇದು ಕೆಂಪು ಕಮ್ಮಿ ಆತು ನೋಡ್ರಿ."

ಬ್ಯಾಡಗಿಯ ಅಂಗಡಿಯೊಂದರಲ್ಲಿ ನಮ್ಮ ಕುಂಕುಮವನ್ನು ಅಂಗೈಗೆ ಸುರುವಿಕೊಂಡು, ಬಿಸಿಲಿಗೆ ಹಿಡಿದು ಶೆಟ್ಟರು ಹೇಳಿದ ಮಾತಿದು. ಹೇಳಿದ್ದು ಯಾರಿಗೆ? ಚಿತ್ರಕಲೆಯ ಡಿಪ್ಲೊಮಾ ಮಾಡಿ, ಅರ್ಧ ಆಯುಷ್ಯ ಬಣ್ಣ ಕಲಸುವುದರಲ್ಲೇ ಕಳೆದ ನನಗೆ. ಅದೂ ಎಲ್ಲಿ? ಊರಿಗೆ ಊರೇ ಮೆಣಸಿನಕಾಯಿಯಿಂದ ಕೆಂಪಾಗಿರುವ ಬ್ಯಾಡಗಿಯಲ್ಲಿ. (ಅಲ್ಲಿ ಸೀನದೆ ವ್ಯಾಪಾರದ ಮಾತಾಡುವುದೇ ಒಂದು ಸಾಧನೆ.)

ಈ ಅಂಕಣವನ್ನು ಇವತ್ತೇ ಮೊದಲು ಓದುವವರಿಗಾಗಿ ಹೇಳಿಬಿಡುತ್ತೇನೆ. ನಾನು ಹಾವೇರಿಯ ಸಾಲಿಯೊಂದರಲ್ಲಿ ಡ್ರಾಯಿಂಗ್ ಟೀಚರ್. ಚಿತ್ರ ಬರೆಯುತ್ತೇನೆ. ಬರೆಯುತ್ತಿದ್ದೆ ಅಂದರೆ ಹೆಚ್ಚು ಖರೆ. ಯಾಕೆಂದರೆ ನಡುವೆ ಈ ಕುಂಕುಮ ಬಂತು.

ಕುಂಕುಮ ತಂದಾಕಿ ನೀಲಕ್ಕ. ನನ್ನ ಗಂಡನ ಅಣ್ಣನ ಹೆಂಡತಿ, ರಾಣೆಬೆನ್ನೂರಿನಾಕಿ. ಕೆಲವು ವರ್ಷದ ಹಿಂದೆ ಆಕೆಗೆ ಕುಂಕುಮ ಹಚ್ಚುವ ಜಾಗದಲ್ಲಿ ತುರಿಕೆ ಶುರುವಾಯಿತು. ಆಮೇಲೆ ಅಲ್ಲೇ ಬಿಳಿ ಕಲೆ. ಡಾಕ್ಟರು ಡಬ್ಬಿ ನೋಡಿ, ಇದರಲ್ಲಿ ಬರೇ ಕೆಮಿಕಲ್ ಬಣ್ಣ ಇದೆ, ಬಿಟ್ಟುಬಿಡಿ ಅಂದರು. ಬಿಟ್ಟಳು. ಬಿಡುವುದೇನು ಸರಳ ಅಂದುಕೊಂಡಿರಾ? ಒಂದು ಮದುವೆ ಮನೆಯಲ್ಲಿ ಮುದುಕಿಯೊಬ್ಬಾಕಿ ಎಲ್ಲರಿಗೂ ಕುಂಕುಮ ಕೊಡುತ್ತ ಬಂದು, ನೀಲಕ್ಕನ ಬರಿ ಹಣೆ ನೋಡಿ, ಪಾಪ ಅನ್ನುವ ಮುಖ ಮಾಡಿ, ಆಕೆಯನ್ನು ದಾಟಿ ಮುಂದೆ ಹೋದಳು. ನಮ್ಮ ಭಾವನವರು ಹೊರಗೆ ಹಂದರದಲ್ಲಿ ಎಲೆ-ಅಡಿಕೆ ಜಗಿಯುತ್ತ ಆರಾಮ ಕೂತಿದ್ದರು.

ಮರುದಿನವೇ ನೀಲಕ್ಕ ಹಾವೇರಿಗೆ ಬಂದಳು. "ಸರೋಜಾ, ನೀ ಬಣ್ಣದಾಕಿ ಅದೀ. ನನ್ನ ಮೈಗೆ ಆಗೂವಂಥಾ ಕೆಂಪು ಒಂದು ಮಾಡಿಕೊಡು" ಅಂದಳು.

ಅರಿಶಿಣಕೊಂಬು, ನಿಂಬೆರಸ, ಬಿಳಿಗಾರ, ಪಟಿಕ. ಹಿಂದಿನವರು ಮಾಡುತ್ತಿದ್ದದ್ದೇ. ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದೆವು. ಮೊದಲು ಇಟ್ಟಂಗಿ ಪುಡಿಯಂಥದ್ದು ಬಂತು. ಕೆಡಿಸುತ್ತ ಕೆಡಿಸುತ್ತ ಒಂದು ದಿನ ಆಳವಾದ, ತಣ್ಣಗಿನ ಕೆಂಪು ಕೈಗೆ ಸಿಕ್ಕಿತು. ನೀಲಕ್ಕ ಹಚ್ಚಿಕೊಂಡಳು. ತುರಿಸಲಿಲ್ಲ. ಓಣಿಯ ಹೆಂಗಸರು ನಮಗೂ ಕೊಡು ಅಂದರು. ನಾನೂ ನೀಲಕ್ಕನೂ ಪಾರ್ಟ್ನರ್ ಆದದ್ದು ಹಾಗೆ. ಕುಂಕುಮದ ಹಿಂದೆ ಸೀಗೆಪುಡಿ, ಅದರ ಹಿಂದೆ ಮೈಗೆ ಹಚ್ಚುವ ಪುಡಿ. ನೀಲಕ್ಕನ ಹಿತ್ತಲಲ್ಲಿ ಕುಟ್ಟಲು ಗಂಗವ್ವ ಮತ್ತು ಆಕೆಯ ಇಬ್ಬರು ಗೆಳತಿಯರು ಬಂದರು.

ನನ್ನ ಗತಿ ಏನಾಯಿತು? ಶನಿವಾರ ಸಾಲಿ ಬಿಟ್ಟೊಡನೆ ಪ್ಯಾಸೆಂಜರ್ ಗಾಡಿ ಹತ್ತಿ ರಾಣೆಬೆನ್ನೂರಿಗೆ ಓಟ. ಅಲ್ಲಿ ಜರಡಿ ಹಿಡಿಯುವಾಗ ಅರ್ಧ ಬಿಟ್ಟ ಚಿತ್ರದ ನೆನಪು. ಹಾವೇರಿಗೆ ಬಂದು ಬ್ರಶ್ ಹಿಡಿದರೆ ಅರಿಶಿಣ ಒಣಗಿತೋ ಇಲ್ಲೋ ಅನ್ನುವ ಚಿಂತೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಎರಡು ಕೆಲಸ ಹಚ್ಚಿಕೊಂಡ ಹೆಂಗಸರೆಲ್ಲ ಹೀಗೇನಾ, ಅಥವಾ ನಾನೊಬ್ಬಳೇನಾ?

ಶೆಟ್ಟರ ಅಂಗಡಿಗೆ ಹೋದದ್ದು ಇಂಥದ್ದೇ ಒಂದು ಶನಿವಾರ. ಅವರು ಕೆಟ್ಟವರಲ್ಲ. ಚಹಾ ತರಿಸಿ, ಸಮಾಧಾನದಿಂದ ಹೇಳಿದರು: "ಮಂದಿಗೆ ಕಣ್ಣಿಗೆ ಹೊಡಿಯೂ ಕೆಂಪು ಬೇಕ್ರಿ. ಒಂದೀಟ ಬಣ್ಣಾ ಕೂಡಸ್ರಿ. ನವರಾತ್ರಿಗೆ ನೀವು ಎಷ್ಟು ಮಾಡಿದ್ರೂ ನಾ ತೊಗೋತೇನಿ."

ನೀಲಕ್ಕ ಇದನ್ನು ಕೇಳಿ ನಗುತ್ತಾಳೆ ಅಂದುಕೊಂಡು ರಾಣೆಬೆನ್ನೂರಿಗೆ ಹೋದೆ. ಆಕೆ ನಗಲಿಲ್ಲ. ಜರಡಿ ಕೆಳಗಿಟ್ಟು, "ಕೂಡಸೂಣು" ಅಂದಳು.

"ನೀನ ಹಿಂಗಂದ್ರ ಹೆಂಗ? ಮತ್ತೊಬ್ಬಾಕಿ ಹಣಿ ನಿನ್ನಂಗ ಆದ್ರ?"

"ಎಲ್ಲಾರಿಗೂ ಆಗೂದಿಲ್ಲ. ನಮ್ಮ ಮಾಲು ಹೋಗಲಿಲ್ಲಂದ್ರ ಗಂಗವ್ವಗ ಕೆಲಸಿಲ್ಲ. ಅದಂತೂ ಖರೇ ಹೌದಿಲ್ಲೋ?"

ಸಿಟ್ಟು ಬಂತು. ಪೇಟೆಗೆ ಹೋಗಿ ಬಣ್ಣದ ಪುಡಿ ತಂದು, ಆಕೆಯ ಎದುರಿಗೇ ನಮ್ಮ ಕುಂಕುಮಕ್ಕೆ ಕಲಸಿದೆ. ಬ್ರೈಟ್ ಅಂದರೆ ಬ್ರೈಟ್. ಸುಳ್ಳು ಯಾಕೆ ಹೇಳಲಿ, ನೋಡಲು ಚೆಂದವೇ ಇತ್ತು. "ಹೆಂಗೈತಿ ನೋಡೂಣು" ಅನ್ನುತ್ತ ನೀಲಕ್ಕ ಉಂಗುರ ಬೆರಳು ಅದ್ದಿ ಹಣೆಗೆ ಒಯ್ದಳು. ಹುಟ್ಟಿದಾಗಿನ ರೂಢಿ ಅದು. ಕೈ ಅರ್ಧಕ್ಕೆ ನಿಂತಿತು.

ಇಬ್ಬರೂ ಆ ಬೆರಳನ್ನೇ ನೋಡಿದೆವು. ಆಕೆ ಎದ್ದು, ಹಿತ್ತಲ ತೊಟ್ಟಿಯಲ್ಲಿ ಕೈ ತೊಳೆದುಕೊಂಡು ಬಂದಳು. "ನನಗ ಹಚ್ಚಿಕೊಳ್ಳಾಕ ಅಂಜಿಕಿ ಬಂತು ಅಂದ ಮ್ಯಾಲೆ ಮಾತು ಮುಗೀತು. ಶೆಟ್ಟರಿಗೆ ಬ್ಯಾಡ ಅಂತ ಹೇಳಿಬಿಡು."

ಎಸ್‌ಟಿಡಿ ಬೂತಿಗೆ ಹೋಗಿ ಹೇಳಿದೆ. ಶೆಟ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮಿಷ್ಟ ಅಕ್ಕಾರ. ಸೀಗೀಪುಡಿ ಕಳಸ್ರಿ, ಅದು ಹೋಗತೈತಿ."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮೆದುರು ಸ್ವಲ್ಪ ಬೀಗಬಹುದಿತ್ತು. ಮುಗಿಯಲಿಲ್ಲ. ಶೆಟ್ಟರ ಸೀಗೆಪುಡಿ, ಓಣಿಯವರ ಕುಂಕುಮ, ಇಷ್ಟರಿಂದ ಮೂವರಿಗೆ ಕೆಲಸ ಸಾಲದು. ಒಬ್ಬಾಕಿಯನ್ನು ಬಿಡಬೇಕು, ಅದನ್ನು ಹೇಗೆ ಹೇಳುವುದು ಅಂತ ನಾವು ಒದ್ದಾಡುತ್ತಿರುವಾಗ ಗಂಗವ್ವ ತಾನೇ ಮಾತು ತೆಗೆದಳು: "ನಾ ಬ್ಯಾಡಗಿಗೆ ಹೊಕ್ಕೇನ್ರೀ, ಮೆಣಸಿನಕಾಯಿ ತೊಟ್ಟು ಬಿಡಸಾಕ. ನನ್ನ ತಂಗಿ ಅಲ್ಲೇ ಅದಾಳ. ಇವರಿಬ್ಬರೂ ಇಲ್ಲೇ ಇರಲಿ."

ಕಲಸಿದ ಕೆಂಪನ್ನು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಹಾವೇರಿಗೆ ತಂದು ಗೋಂದಿನಲ್ಲಿ ಕಲಸಿ ಚಿತ್ರ ಬರೆದೆ. ಎಷ್ಟೋ ತಿಂಗಳ ಮೇಲೆ ಪೂರ್ತಿಯಾದ ಚಿತ್ರ. ಹಣೆಯ ಹತ್ತಿರ ಬಂದು ತಡೆದ ಒಂದು ಕೈ. ಸಾಲಿಯ ಟೀಚರುಗಳು ಚಲೋ ಬಂದೈತಿ ಅಂದರು. ಚಲೋ ಬಂದದ್ದೇ ನನಗೆ ತ್ರಾಸಾಗಿದೆ.

ಯಾಕೆಂದರೆ ಹೋದ ವಾರ ಬ್ಯಾಡಗಿ ಸ್ಟೇಷನ್ನಿನಲ್ಲಿ ಗಂಗವ್ವ ಸಿಕ್ಕಿದ್ದಳು. ಎರಡೂ ಕೈಯನ್ನು ತೋಯಿಸಿದ ಅರಿವೆಯಲ್ಲಿ ಸುತ್ತಿಕೊಂಡು ಕೂತಿದ್ದಳು.

"ಕೈ ಉರೀತಾವನು ಗಂಗವ್ವ?"

"ಉರೀತಾವ್ರೀ. ರೂಢಿ ಆಗತೈತಿ ಬಿಡ್ರಿ. ನೀಲಕ್ಕಾರ ಹಣಿ ಈಗ ಹೆಂಗೈತ್ರಿ?"

ಕೊಂಕಿನಿಂದ ಕೇಳಿದ್ದಲ್ಲ. ಮನಸಾರೆ ಕೇಳಿದಳು. ಚಲೋ ಐತಿ ಅಂದೆ. ಅಷ್ಟರಲ್ಲಿ ನನ್ನ ಗಾಡಿ ಬಂತು.

ನಮ್ಮ ಕುಂಕುಮದ ಪಾಕೀಟಿನ ಮೇಲೆ "ಯಾರಿಗೂ ಉರಿಯದು" ಅಂತ ಚೆಂದದ ಅಕ್ಷರದಲ್ಲಿ ಬರೆದಾಕಿ ನಾನೇ. ಈಗ ಹೊಸ ಪಾಕೀಟು ಛಾಪಿಸುವ ಹೊತ್ತು ಬಂದಿದೆ. ಅದನ್ನೇ ಬರೆಯಲೇ, ನೀವೇ ಹೇಳಿ?